ಜೂನ್ 1ರಂದು ಹುಟ್ಟಿದ ಹುಡುಗರು

ಮಾನ್ಯ ಸಂಪಾದಕರೆ,

ಕಳೆದ ವಾರ ನಿಮ್ಮ ಓದುಗರ ಪತ್ರ ವಿಭಾಗದಲ್ಲಿ ಮಂಡ್ಯದವರೊಬ್ಬರು ಬರೆದಿದ್ದರು. ಕೊಲೆ ಮಾಡುವಷ್ಟು ಬಲಿತವನು ನೇಣಿಗೂ ಬಲಿತವನೇ, ಹದಿನೆಂಟು ತುಂಬದವರಿಗೆ ನೇಣಿಲ್ಲ ಎಂಬ ಲೆಕ್ಕ ತೆಗೆದುಹಾಕಿ, ಬೈಬಲ್ಲೂ ಇದನ್ನೇ ಹೇಳುತ್ತದೆ ಅಂತ. ಮೊದಲೆರಡು ಮಾತಿಗೆ ವಕೀಲರು ಯಾರಾದರೂ ಉತ್ತರ ಕೊಡಲಿ. ಮೂರನೆಯದನ್ನು ಓದಿ ಸುಮ್ಮನಿರಲು ಆಗಲಿಲ್ಲ. ನಾನು ಫಿಲೋಮಿನಾ ಚರ್ಚಿನ ಗಂಟೆ ಕೇಳಿಕೊಂಡು ಬೆಳೆದವಳು. ಒಬ್ಬ ಹುಡುಗನನ್ನು ನೇಣಿಗೆ ಹಾಕಬೇಕು ಅಂತ ಒಮ್ಮೆ ಬಯಸಿದವಳೂ ಹೌದು.

2011, ದಸರಾ ಮುಗಿದ ವಾರ. ಅಮ್ಮ ಬೆಳಿಗ್ಗೆ ಆರಕ್ಕೆ ಹಾಲು ತೆಗೆದುಕೊಂಡು ಬರುತ್ತಿದ್ದರು. ಬೈಕಿನಲ್ಲಿ ಇಬ್ಬರು ಬಂದರು. ಹಿಂದೆ ಕೂತವನು ಸರಕ್ಕೆ ಕೈ ಹಾಕಿದ. ಸರ ಗಟ್ಟಿ ಇತ್ತು, ಅಮ್ಮನೂ ಬಿಡಲಿಲ್ಲ. ಮೋರಿ ಕಲ್ಲಿನ ಮೇಲೆ ಬಿದ್ದರು. ಸೊಂಟದ ಮೂಳೆ ಮುರಿಯಿತು. ಹನ್ನೊಂದನೇ ದಿನ ಆಸ್ಪತ್ರೆಯಲ್ಲೇ ಹೋಗಿಬಿಟ್ಟರು. 74 ವರ್ಷ, ಒಂದು ಮಾತ್ರೆಯನ್ನೂ ನುಂಗದೆ ಓಡಾಡಿಕೊಂಡಿದ್ದ ಜೀವ. ಮಲಗಿದ್ದಾಗ ಒಂದು ಮಾತು ಹೇಳಿದರು, "ಅವನ ಕೈ ನಡುಗ್ತಿತ್ತು ಕಣವ್ವ." ಕ್ಷಮೆ ಗಿಮೆ ಅಂತ ಏನೂ ಹೇಳಲಿಲ್ಲ. ಆಮೇಲೆ ಸರ ಸಿಕ್ಕಿತಾ ಅಂತ ಕೇಳಿದರು.

ಪೊಲೀಸರು ಹಿಡಿದಾಗ, ಸರಕ್ಕೆ ಕೈ ಹಾಕಿದವನಿಗೆ ಇನ್ನೂ ಹದಿನೇಳು ಅಂತ ಗೊತ್ತಾಯಿತು. ಏಳನೇ ದಿನದ ಪೂಜೆ ಮುಗಿಸಿ ಮನೆಗೆ ಬಂದವರಲ್ಲಿ ಹಿರಿಯರೊಬ್ಬರು ಬೈಬಲ್ಲಿನ ಮೊದಲ ಪುಸ್ತಕವಾದ ಆದಿಕಾಂಡದ 9ನೇ ಅಧ್ಯಾಯದ 6ನೇ ವಚನ ಹೇಳಿದರು. ಮನುಷ್ಯನ ರಕ್ತ ಸುರಿಸಿದವನ ರಕ್ತವನ್ನು ಮನುಷ್ಯನೇ ಸುರಿಸುವನು ಎಂಬ ಮಾತದು. ನಮ್ಮಣ್ಣ ತಲೆಯಾಡಿಸಿದ. ನಾನೂ ಆಡಿಸಿದೆ. ಆ ಹೊತ್ತಿನಲ್ಲಿ ಅದು ದೇವರ ಮಾತಾಗಿ ಅಲ್ಲ, ನನ್ನದೇ ಹೊಟ್ಟೆಯ ಮಾತಾಗಿ ಕೇಳಿಸಿತು.

ಐದು ಅಧ್ಯಾಯ ಹಿಂದಕ್ಕೆ ತಿರುವಿದ್ದು ಎಷ್ಟೋ ತಿಂಗಳ ಮೇಲೆ. ಬೈಬಲ್ಲಿನ ಮೊದಲ ಕೊಲೆ ಇರುವುದು 4ನೇ ಅಧ್ಯಾಯದಲ್ಲಿ. ಕಾಯಿನ ಎಂಬವನು ತನ್ನ ತಮ್ಮ ಹೇಬೆಲನನ್ನು ಕೊಂದ. ದೇವರು ಅವನನ್ನು ನೆಲ ಬಿಡಿಸಿ ಅಲೆಯಲು ಕಳಿಸುತ್ತಾನೆ. ಆದರೆ ಯಾರೂ ಅವನನ್ನು ಕೊಲ್ಲಬಾರದು ಅಂತ ಮೈಮೇಲೆ ಒಂದು ಗುರುತು ಹಾಕಿ ಕಳಿಸುತ್ತಾನೆ. 9ನೇ ಅಧ್ಯಾಯ ಬಾಯಿಪಾಠ ಇರುವವರಿಗೆ 4 ಯಾಕೆ ನೆನಪಾಗುವುದಿಲ್ಲವೋ.

ಹುಡುಗರ ವಿಷಯಕ್ಕೇ ಬಂದರೆ ಬೈಬಲ್ಲಿನದೇ ಇನ್ನೊಂದು ಪುಸ್ತಕವಾದ ಧರ್ಮೋಪದೇಶಕಾಂಡದ 21ನೇ ಅಧ್ಯಾಯ ಇನ್ನೂ ಕಷ್ಟ. ಅಪ್ಪ ಅಮ್ಮನ ಮಾತು ಕೇಳದ ಹಟಮಾರಿ ಮಗನನ್ನು ಊರಿನವರೆಲ್ಲ ಸೇರಿ ಕಲ್ಲೆಸೆದು ಕೊಲ್ಲಬೇಕು ಅಂತ ಅಲ್ಲಿದೆ. ಆ ಪ್ರಕಾರ ಹೋದರೆ ನಾನು ಪಾಠ ಮಾಡಿದ ಏಳನೇ ತರಗತಿಗಳಲ್ಲಿ ಎಷ್ಟು ಜನ ಉಳಿಯುತ್ತಿದ್ದರೋ! ಯೆಹೂದಿ ಗುರುಗಳೇ ಈ ನಿಯಮಕ್ಕೆ ಷರತ್ತಿನ ಮೇಲೆ ಷರತ್ತು ಹಾಕುತ್ತಾ ಹೋದರು. ಅಂಥ ಮಗ ಹಿಂದೆ ಇರಲೂ ಇಲ್ಲ, ಮುಂದೆ ಇರುವುದೂ ಇಲ್ಲ ಅಂದವರೂ ಅವರಲ್ಲಿದ್ದಾರೆ. ನಾವು ಮಾತ್ರ ಬೇಕಾದ ವಚನ ಹೆಕ್ಕಿಕೊಂಡು ಪತ್ರಿಕೆಗೆ ಬರೆಯುತ್ತೇವೆ.

ಹಾಗಂತ ಕ್ರೈಸ್ತರೆಲ್ಲರದ್ದೂ ಒಂದೇ ಮಾತು ಅಂತ ಹೇಳಿದರೆ ಸುಳ್ಳಾಗುತ್ತದೆ. ಅಮೆರಿಕದ ದೊಡ್ಡ ಪ್ರಾಟೆಸ್ಟೆಂಟ್ ಪಂಗಡವಾದ ಸದರ್ನ್ ಬ್ಯಾಪ್ಟಿಸ್ಟರು 2000ದಲ್ಲಿ ಮರಣದಂಡನೆ ಪರವಾಗಿಯೇ ಠರಾವು ಮಾಡಿದರು. ಬೈಬಲ್ಲಿನಲ್ಲಿ ಸಂತ ಪೌಲ ರೋಮನರಿಗೆ ಬರೆದ ಪತ್ರದ 13ನೇ ಅಧ್ಯಾಯದಲ್ಲಿ, ಆಳುವವನು ಕತ್ತಿ ಹಿಡಿದಿರುವುದು ಸುಮ್ನೆ ಅಲ್ಲ ಅಂತಿದೆ. ಅಂಥವರ ವಾದಕ್ಕೆ ಅದೇ ದೊಡ್ಡ ಆಸರೆ. ಅಷ್ಟೊಂದು ಚರ್ಚುಗಳಿರುವ ಆ ದೇಶದಲ್ಲಿ, ಹದಿನೆಂಟಕ್ಕೆ ಮೊದಲು ಮಾಡಿದ ಅಪರಾಧಕ್ಕೆ 1976ರಿಂದೀಚೆಗೆ 22 ಜನರನ್ನು ಕೊಂದರು. 2005ರ ಮಾರ್ಚ್ 1ರಂದು ರೋಪರ್ ಮತ್ತು ಸಿಮನ್ಸ್ ಮೊಕದ್ದಮೆಯಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಇದನ್ನು ನಿಲ್ಲಿಸಿತು. ಅದೂ ಐದಕ್ಕೆ ನಾಲ್ಕು ಮತದಿಂದ! ಮಕ್ಕಳಿಗೆ ಈ ಶಿಕ್ಷೆ ಬೇಡ ಅಂತ ಆ ಕೋರ್ಟಿಗೆ ಬರೆದುಕೊಟ್ಟವರಲ್ಲಿ ಅಮೆರಿಕದ ಕಥೋಲಿಕ ಬಿಷಪ್ಪರೂ ಇದ್ದರು. 2018ರಲ್ಲಿ ಪೋಪ್ ಫ್ರಾನ್ಸಿಸ್ ಧರ್ಮಸಭೆಯ ಬೋಧನೆಯ ಗ್ರಂಥವನ್ನೇ ತಿದ್ದಿಸಿ, ಯಾವ ವಯಸ್ಸಿನವರಿಗೂ ಮರಣದಂಡನೆ ಒಪ್ಪತಕ್ಕದ್ದಲ್ಲ ಅಂತ ಸೇರಿಸಿದರು. ಕಥೋಲಿಕರ ಮಟ್ಟಿಗೆ ಮಾತು ಅಲ್ಲಿಗೆ ಮುಗಿಯಬೇಕಿತ್ತು, ಅಲ್ವಾ?

ನಮ್ಮ ಚರ್ಚಿನ ನೆಲಮಾಳಿಗೆಯಲ್ಲಿ ಮಲಗಿರುವ ಸಂತ ಫಿಲೋಮಿನಾಳ ಪ್ರತಿಮೆಯನ್ನು ಪ್ರವಾಸಿಗರೆಲ್ಲ ನೋಡಿರುತ್ತಾರೆ. ಅವಳು ರೋಮಿನ ಚಕ್ರವರ್ತಿಯ ಅಪ್ಪಣೆಯಿಂದ ತಲೆ ಕಳೆದುಕೊಂಡಳು ಅಂತ ಭಕ್ತರ ನಂಬಿಕೆ. ಹದಿಮೂರರ ಆಸುಪಾಸಿನ ಹುಡುಗಿ. ಮೇಲೆ ನಿಂತು ಆದಿಕಾಂಡ 9 ಹೇಳುವವರು ಕೆಳಗೆ ಇಳಿದು ಅವಳಿಗೆ ಮೇಣದಬತ್ತಿ ಹಚ್ಚಿ ಬರುತ್ತಾರೆ.

ಇನ್ನು ನಮ್ಮ ಕಾನೂನು. 2012ರ ದೆಹಲಿ ಅತ್ಯಾಚಾರದ ನಂತರ ಎದ್ದ ಸಿಟ್ಟಿನಿಂದ 2015ರ ಬಾಲ ನ್ಯಾಯ ಕಾಯ್ದೆ ಬಂತು. ಘೋರ ಅಪರಾಧವಾದರೆ 16ರಿಂದ 18ರೊಳಗಿನವರನ್ನು ದೊಡ್ಡವರಂತೆ ವಿಚಾರಣೆ ಮಾಡಬಹುದು. ಆದರೂ 21ನೇ ಸೆಕ್ಷನ್ ಪ್ರಕಾರ ನೇಣು ಇಲ್ಲ. ಹೀಗೆ ಗೆರೆ ಎಳೆದಿದ್ದರೂ ತಪ್ಪಿಹೋಗುತ್ತದೆ. 1994ರಲ್ಲಿ ಪುಣೆಯಲ್ಲಿ ನಡೆದ ಕೊಲೆಗಳಿಗಾಗಿ ನೇಣಿನ ಶಿಕ್ಷೆಯಾಗಿದ್ದ ಒಬ್ಬನನ್ನು 2023ರ ಮಾರ್ಚ್‌ನಲ್ಲಿ ನಮ್ಮ ಸುಪ್ರೀಂ ಕೋರ್ಟು ಬಿಟ್ಟುಬಿಟ್ಟಿತು. ಅಪರಾಧದ ದಿನ ಅವನಿಗೆ ಹನ್ನೆರಡೂವರೆ ವರ್ಷ ಅಂತ ಸಾಬೀತಾಗಿತ್ತು. ಅಷ್ಟರಲ್ಲಿ 28 ವರ್ಷ ಜೈಲಿನಲ್ಲಿ ಕಳೆದಿದ್ದ. ಅವನನ್ನು ಉಳಿಸಿದ್ದು ರಾಜಸ್ಥಾನದ ಒಂದು ಶಾಲೆಯ ದಾಖಲೆ.

ಅದನ್ನು ಓದಿದ ದಿನ ನನಗೆ ನಿದ್ದೆ ಬರಲಿಲ್ಲ. ಅಂಥ ದಾಖಲೆ ಬರೆದ ಕೈ ನನ್ನದೂ.

ಕೆ.ಆರ್. ಪೇಟೆ ತಾಲ್ಲೂಕಿನಲ್ಲಿ 19 ವರ್ಷ ಪಾಠ ಮಾಡಿದ್ದೇನೆ. ಒಂದನೇ ತರಗತಿಗೆ 5 ವರ್ಷ 10 ತಿಂಗಳು ತುಂಬಿರಬೇಕಿತ್ತು. ಹುಟ್ಟಿದ ದಿನ ಯಾವಾಗ ಅಂತ ಕೇಳಿದರೆ "ಆಲೆಮನೆ ಶುರುವಾದಾಗ ಮೇಡಂ" ಅಂತಿದ್ದರು. "ಹೇಮಗಿರಿ ಜಾತ್ರೆ ಆಗಿ ಮೂರು ದಿನಕ್ಕೆ." "ಕಾವೇರಿ ಗಲಾಟೆ ಆಯ್ತಲ್ಲ, ಆವಾಗ ಹೊಟ್ಟೇಲಿತ್ತು." ನಾನು ಲೆಕ್ಕ ಹಾಕಿ, ದಾಖಲಾತಿಗೆ ಸರಿಹೋಗುವಂತೆ ಒಂದು ವರ್ಷ ಹಿಡಿದು, ಜೂನ್ 1 ಅಂತ ಬರೆಯುತ್ತಿದ್ದೆ. ನಾನೊಬ್ಬಳೇ ಅಲ್ಲ. ನಮ್ಮ ಕಡೆ ಹಳ್ಳಿ ಶಾಲೆಗಳ ಹಳೇ ದಾಖಲಾತಿ ಪುಸ್ತಕ ತೆಗೆದು ನೋಡಿ, ಅರ್ಧ ಊರೇ ಜೂನ್ 1ಕ್ಕೆ ಹುಟ್ಟಿರುತ್ತದೆ. ಇವತ್ತು ಕಾನೂನು ವಯಸ್ಸಿಗೆ ಮೊದಲು ಕೇಳುವುದು ಶಾಲೆಯ ಪತ್ರವನ್ನೇ. ಅದಿಲ್ಲದಿದ್ದರೆ ನಗರಸಭೆ ಅಥವಾ ಪಂಚಾಯಿತಿಯ ಜನನ ಪತ್ರ. ಅದೂ ಇಲ್ಲದಿದ್ದರೆ ಮೂಳೆ ಪರೀಕ್ಷೆ. ಮಂಡ್ಯದ ಆ ಓದುಗರು ಹದಿನೆಂಟರ ಗೆರೆ ತೆಗೆಯಿರಿ ಅಂತಾರೆ. ತೆಗೆದು ಹದಿನಾರಕ್ಕೆ ಎಳೆದರೂ, ಎಳೆಯುವವಳು ನನ್ನಂಥ ಒಬ್ಬ ಟೀಚರ್. ಜೂನ್ ತಿಂಗಳು, ಮಳೆ, ಬಾಗಿಲಲ್ಲಿ ನಲವತ್ತು ಮಕ್ಕಳು, ಕೈಯಲ್ಲೊಂದು ಪೆನ್ನು. ಅದರ ಮೇಲೆ ಒಬ್ಬನನ್ನು ನೇಣಿಗೇರಿಸಬೇಕಾ?

ಅಮ್ಮನ ಪ್ರಕರಣದಲ್ಲಿ ಸಾಕ್ಷಿ ಹೇಳಲು ಬಾಲ ನ್ಯಾಯ ಮಂಡಳಿಗೆ ಹೋಗಿದ್ದೆವು. ಹುಡುಗ ಸಣಕಲ. ಪಕ್ಕದಲ್ಲಿ ಅವನ ತಾಯಿ, ಕೈಯಲ್ಲಿ ಪ್ಲಾಸ್ಟಿಕ್ ಕವರಿನೊಳಗೆ ಶಾಲೆಯ ವರ್ಗಾವಣೆ ಪತ್ರ. ಅದರಲ್ಲಿದ್ದ ಹುಟ್ಟಿದ ದಿನವನ್ನು ಅಲ್ಲಿದ್ದವರು ಓದಿದರು. ಜೂನ್ 1, 1994.

ಅಣ್ಣ ನನ್ನ ಮೊಣಕೈ ತಿವಿದ. "ನಿಂಗೊತ್ತಲ್ಲ ಇವೆಲ್ಲ ಹೆಂಗೆ ಬರೀತಾರೆ ಅಂತ. ಎದ್ದು ಹೇಳು. ಮೂಳೆ ಪರೀಕ್ಷೆ ಮಾಡಿಸಲಿ." ಅವನು ಹೇಳಿದ್ದು ತಪ್ಪಲ್ಲ. ಆ ಹುಡುಗನಿಗೆ ಹತ್ತೊಂಬತ್ತೇ ಆಗಿದ್ದಿರಬಹುದು. ಹದಿನಾರೂ ಇರಬಹುದು. ನಾನು ಏಳಲಿಲ್ಲ.

ಅಣ್ಣ ಇದನ್ನು ಇನ್ನೂ ಮರೆತಿಲ್ಲ. ಪ್ರತಿ ಕ್ರಿಸ್‌ಮಸ್‌ಗೆ ಮನೆಗೆ ಬರುತ್ತಾನೆ, ಊಟ ಮಾಡುತ್ತಾನೆ, ಅಮ್ಮನ ಫೋಟೋ ಇರುವ ಕಡೆ ಮಾತ್ರ ಕೂರುವುದಿಲ್ಲ.

ನಿವೃತ್ತ ಶಿಕ್ಷಕಿ,
ಎನ್.ಆರ್. ಮೊಹಲ್ಲಾ, ಮೈಸೂರು