ಹಗೇವಿಗೆ ಕಾಲಂ ಇರಲಿಲ್ಲ

ನವನಗರ, ಬಾಗಲಕೋಟೆ

ಚಿರಂಜೀವಿ ಮಗಳಿಗೆ ಅಪ್ಪನ ಆಶೀರ್ವಾದಗಳು.

ಯುನಿವರ್ಸಿಟಿ ನೌಕರಿಗೆ ರಾಜೀನಾಮೆ ಕೊಟ್ಟಾಯ್ತು ಅಂತ ನಿನ್ನ ಮೆಸೇಜು ನೋಡಿದೆ. ಯೋಜನೆಗಳ ಮೌಲ್ಯಮಾಪನದ ಕೆಲಸಕ್ಕೆ ಜಾಂಬಿಯಾಕ್ಕೆ ಟಿಕೆಟ್ಟೂ ಆಗಿದೆಯಂತೆ, ನಿಮ್ಮವ್ವ ಹೇಳಿದಳು. ಯುಗಾದಿಗೆ ಬಂದಾಗ ಯಾರು ಏನಂದರು ಅನ್ನೋದು ಇಬ್ಬರಿಗೂ ನೆನಪಿದೆ, ಮತ್ತೆ ಬರೆಯುವುದಿಲ್ಲ. ನಿನ್ನ ಮಾತು ಮುಗಿಯುವ ಮುಂಚೆ ನಾನು ಎದ್ದು ಹೋದೆನಲ್ಲ, ಅದಕ್ಕೆ ಕ್ಷಮಿಸು. ಉಳಿದದ್ದಕ್ಕೆ ಕ್ಷಮೆ ಕೇಳಲ್ಲ. ಪರ್ಮನೆಂಟ್ ನೌಕರಿ ಬಿಡ್ತೀನಿ ಅಂದರೆ ಯಾವ ಅಪ್ಪ ಸುಮ್ನೆ ಕೂತಾನು?

ಪೇಪರ್ ನಾನೂ ಓದುತ್ತೇನೆ. 2025ರ ಜನವರಿಯಲ್ಲಿ ಅಮೆರಿಕ ವಿದೇಶಿ ನೆರವನ್ನು ತಡೆಹಿಡಿಯಿತು. ಜುಲೈ ಹೊತ್ತಿಗೆ ಆ ನೆರವು ಹಂಚುತ್ತಿದ್ದ ಸಂಸ್ಥೆ ಯುಎಸ್‌ಏಡ್ ಬಾಗಿಲೇ ಹಾಕಿತು. ಆ ದುಡ್ಡಿನ ಯೋಜನೆಗಳು ನಿಂತವು. ಯೋಜನೆ ಹೇಗೆ ನಡೆದಿದೆ ಅಂತ ನೋಡಿ ವರದಿ ಬರೆಯುವವರ ಕೆಲಸವೂ ಹೋಯಿತು. ಇಂಥ ಹೊತ್ತಲ್ಲಿ ನೀನು ಅದೇ ಲೈನಿಗೆ ಹೊರಟಿದ್ದೀಯ. ಒಂದು ಕಾಂಟ್ರಾಕ್ಟ್ ಮುಗಿದ ಮೇಲೆ ಇನ್ನೊಂದು ಸಿಗುತ್ತೆ ಅಂತ ಯಾರು ಬರೆದುಕೊಡುತ್ತಾರೆ? ಇದನ್ನ ಒಂದೇ ಸಲ ಹೇಳಿದೆ, ಇನ್ನು ಹೇಳಲ್ಲ.

ನನ್ನ ನಿಜವಾದ ಹೆದರಿಕೆ ಬೇರೆ ಇದೆ. ಅದನ್ನ ಆ ದಿನ ಸಿಟ್ಟಿನಲ್ಲಿ ಹೇಳೋಕಾಗಲಿಲ್ಲ.

ಆಲಮಟ್ಟಿ ಹಿನ್ನೀರಿಗೆ ಹೋಗುವ ಊರುಗಳಲ್ಲಿ ನಾನು ಪರಿಹಾರದ ಲೆಕ್ಕಕ್ಕೆ ಮನೆ ಅಳೆಯೋಕೆ ಹೋಗುತ್ತಿದ್ದ ಕಾಲ. ಒಂದು ಮನೆಗೆ ಒಂದು ನಮೂನೆ ಹಾಳೆ. ಗೋಡೆ ಎಷ್ಟು ಉದ್ದ, ಎಷ್ಟು ದಪ್ಪ, ಕಲ್ಲಿನದೋ ಮಣ್ಣಿನದೋ. ಮಾಳಿಗೆಗೆ ಎಷ್ಟು ತೊಲೆ, ಎಷ್ಟು ಜಂತಿ. ಬಾಗಿಲು ಯಾವ ಕಟ್ಟಿಗೆಯದು. ಹಿತ್ತಲಲ್ಲಿ ಗಿಡ ಇದ್ದರೆ ಅದೂ ಸೇರಬೇಕು. ಎಲ್ಲ ಮುಗಿದ ಮೇಲೆ ತುದಿಯಲ್ಲಿ ಷರಾ ಅಂತ ಒಂದು ಸಣ್ಣ ಕಾಲಂ.

ಘಟಪ್ರಭೆ ದಂಡೆಯ ಒಂದು ಊರಲ್ಲಿ ಮನೆ ಅಳೆದು ಟೇಪು ಸುತ್ತುತ್ತಿದ್ದೆ. ಆ ಮನೆಯ ಅಜ್ಜಿ ನನ್ನ ಕೈ ಹಿಡಿದು ಅಂಗಳಕ್ಕೆ ಕರೆದುಕೊಂಡು ಹೋದಳು. ಕಾಲಿನಿಂದ ಮಣ್ಣು ಸರಿಸಿದಳು. ಕೆಳಗೆ ಒಂದು ಚಪ್ಪಡಿ ಕಲ್ಲು. 'ತಮ್ಮಾ, ಇದನ್ನೂ ಅಳಕೊಳ್ಳೋ. ಮನೀಗಿಂತ ಇದ ದೊಡ್ಡದೈತಿ ನಮಗ' ಅಂದಳು.

ಹಗೇವು, ಅಂದರೆ ಕಾಳು ತುಂಬಿಡುವ ನೆಲದೊಳಗಿನ ಗುಂಡಿ. ನೀನು ಕಣ್ಣಾರೆ ನೋಡಿಲ್ಲ, ಅದಕ್ಕೇ ಬರೆಯುತ್ತೇನೆ. ಬಾಯಿ ಒಬ್ಬ ಆಳು ಇಳಿಯುವಷ್ಟೇ ಇರುತ್ತೆ, ಒಳಗೆ ಅಗಲ. ಸುತ್ತ ಜೋಳದ ಕಣಿಕೆ ಒತ್ತಿ, ಜೋಳ ಸುರಿದು, ಕಲ್ಲು ಮುಚ್ಚಿ, ಮೇಲೆ ಮಣ್ಣು ಮೆತ್ತಿಬಿಡುತ್ತಿದ್ದರು. ತೆಗೆದ ಕೂಡಲೇ ಇಳಿಯುವಂತಿಲ್ಲ. ಒಳಗಿನ ಕೆಟ್ಟ ಗಾಳಿಗೆ ಜನ ಸತ್ತದ್ದೂ ಉಂಟು. ಹಗ್ಗಕ್ಕೆ ಕಟ್ಟಿ ದೀಪ ಇಳಿಸಬೇಕು. ಆರಿತು ಅಂದರೆ ಇನ್ನೂ ಕಾಯಬೇಕು. ಆ ಅಜ್ಜಿಯ ಹಗೇವು ಅವಳೊಬ್ಬಳದ್ದಲ್ಲ, ಮೂರು ಮನೆಯವರದ್ದು. ಮಳೆ ಕೈಕೊಟ್ಟ ವರ್ಷ ಓಣಿಯವರೂ ಅದರಿಂದಲೇ ಒಯ್ಯುತ್ತಿದ್ದರು, ಸುಗ್ಗಿಗೆ ತಂದು ಸುರಿಯುತ್ತಿದ್ದರು. ಯಾರಿಂದ ಎಷ್ಟು ಬರಬೇಕು ಅನ್ನೋದು ಅಜ್ಜಿಯ ಬಾಯಲ್ಲೇ ಇತ್ತು.

ಈಗ ಹೇಳು, ಅದನ್ನ ಯಾವ ಹಾಳೆಯಲ್ಲಿ ಬರೆಯಬೇಕು? ಮೂರು ಮನೆಗೆ ಮೂರು ಹಾಳೆ. ಹಗೇವು ಇದ್ದದ್ದು ಯಾರ ಮನೆಯೊಳಗೂ ಅಲ್ಲ. ನಾನು ಷರಾ ಕಾಲಂನಲ್ಲಿ ಬರೆದೆ: ಅಂಗಳದಲ್ಲಿ ಹಗೇವು ಒಂದು, ಮೂರು ಮನೆಯವರದ್ದು, ಬಳಕೆಯಲ್ಲಿದೆ. ಮೂರು ಹಾಳೆಯಲ್ಲೂ ಬರೆದೆ. ಬೆರಳಚ್ಚಾಗಿ ಬಂದ ಪ್ರತಿಯಲ್ಲಿ ಷರಾ ಕಾಲಮ್ಮೇ ಇರಲಿಲ್ಲ. ಕೇಳಿದರೆ, ಮೊತ್ತಕ್ಕೆ ಸಂಬಂಧ ಇಲ್ಲದ್ದು ಯಾಕೆ ಅಂದರು.

ಪುನರ್ವಸತಿ ಕೇಂದ್ರದಲ್ಲಿ ಆ ಮೂರು ಮನೆಯವರಿಗೆ ಮೂರು ಕಡೆ ಪ್ಲಾಟು ಬಂತು. ಕೆಲವು ವರ್ಷದ ಮೇಲೆ ಪುನರ್ವಸತಿ ಹೇಗಾಗಿದೆ ಅಂತ ನೋಡೋಕೆ ಹೊರಗಿನಿಂದ ಒಂದು ತಂಡ ಬಂತು. ದಾರಿ ತೋರಿಸೋಕೆ ನನ್ನನ್ನೇ ಕಳಿಸಿದ್ದರು. ಅಜ್ಜಿಯ ಹೊಸ ಮನೆ ಮುಂದೆ ಒಬ್ಬ ಹುಡುಗಿ ಹಾಳೆ ಹಿಡಿದು ಕೂತಳು. ಮನೆ ಪಕ್ಕಾ ಇದೆಯಾ? ಐತಿ. ನಳ? ಐತಿ. ರಸ್ತೆ? ಐತಿ. ಸಾಲಿ? ಐತಿ. ಒಂದೂ ಸುಳ್ಳಲ್ಲ. ಹುಡುಗಿ ಥ್ಯಾಂಕ್ಸ್ ಅಜ್ಜಿ ಅಂದು ಪೆನ್ನು ಜೇಬಿಗೆ ಹಾಕಿದಳು. ಅಜ್ಜಿ ನನ್ನ ಕಡೆ ತಿರುಗಿ, 'ಹಗೇವದ ಸುದ್ದಿ ಯಾರೂ ಕೇಳಲಿಲ್ಲಲ್ಲೋ ತಮ್ಮಾ. ಈಗ ಜ್ವಾಳ ಅಂಗಡ್ಯಾಗ ಕಿಲೋ ಲೆಕ್ಕಾ ತರ್ತೀವಿ' ಅಂದಳು.

ಆ ಹುಡುಗಿ ಕೆಟ್ಟವಳಲ್ಲ. ನಿನ್ನಂಥವಳೇ, ನಿನ್ನಷ್ಟೇ ವಯಸ್ಸು. ಸಂಜೆಯೊಳಗೆ ಇನ್ನೂ ಹತ್ತಾರು ಮನೆ ಮುಗಿಸಬೇಕಿತ್ತು ಅವಳಿಗೆ. ನನಗೆ ನಿದ್ದೆ ಬರದಿರುವುದು ಇದಕ್ಕೇ. ನೀನು ಒಳ್ಳೆಯವಳಾಗಿದ್ದೂ, ಕೆಲಸ ಚೆನ್ನಾಗಿ ಮಾಡುತ್ತಲೂ, ಅವಳ ಜಾಗದಲ್ಲಿ ಕೂರಬಹುದಲ್ವಾ?

ನಿನ್ನ ಸಂಶೋಧನೆ ಹಾಗಿರಲಿಲ್ಲ. ಹಿನ್ನೀರಿನ ಮೀನುಗಾರರ ಮನೆಯ ಹೆಣ್ಣುಮಗಳೊಬ್ಬಳು ಮಗಳ ಅಡ್ಮಿಷನ್ ಫಾರ್ಮ್ ತುಂಬಿಸೋಕೆ ನಮ್ಮ ಮನೆಗೆ ಬಂದಿದ್ದಳು. 'ನಿಮ್ಮ ಮಗಳು ಬಲೀ ಸಿಕ್ಕು ಬಿಡಿಸ್ಕೋತ ಕುಂತು ಮಾತಾಡ್ತಿದ್ರಿ, ಒಂದಿನಾನೂ ಅವಸರ ಮಾಡಲಿಲ್ಲ' ಅಂದಳು. ಧಾರವಾಡದಲ್ಲಿ ನಿನಗೆ ಪಿಎಚ್‌ಡಿ ಕೊಟ್ಟ ದಿನಕ್ಕಿಂತ ಆವತ್ತು ನನಗೆ ಜಾಸ್ತಿ ಹೆಮ್ಮೆ ಆಯಿತು. ನಿನಗೆ ಹೇಳಿರಲಿಲ್ಲ, ಈಗ ಹೇಳುತ್ತಿದ್ದೇನೆ.

ನೀನು ಬಿಟ್ಟುಹೋದ ಪುಸ್ತಕಗಳನ್ನ ಈ ದಿನಗಳಲ್ಲಿ ತಿರುವಿ ಹಾಕಿದೆ. ಇಂಗ್ಲಿಷ್ ನನಗೆ ನಿಧಾನ. ನೀನು ಹೋಗುತ್ತಿರುವ ಸೀಮೆಯಲ್ಲೇ ಎಲಿಜಬೆತ್ ಕೋಲ್ಸನ್, ಥೇಯರ್ ಸ್ಕಡರ್ ಅನ್ನೋ ಮಾನವಶಾಸ್ತ್ರಜ್ಞರು ಇಬ್ಬರೂ ಇದ್ದರು ಅಂತ ಓದಿ ಮೈ ಜುಮ್ಮೆಂದಿತು. ಜಾಂಬೆಜಿ ನದಿಗೆ ಕರಿಬಾ ಅಣೆಕಟ್ಟು ಆಗುವ ಮೊದಲೇ, 1956ರಲ್ಲೇ, ಗ್ವೆಂಬೆ ಟೋಂಗಾ ಜನರ ಊರುಗಳಿಗೆ ಹೋಗಿದ್ದರು. ಸುಮಾರು 57,000 ಜನ ಎತ್ತಂಗಡಿಯಾದರಂತೆ. ಮುಳುಗುವ ಮುಂಚೆ ನೋಡಿದವರು ಮುಳುಗಿದ ಮೇಲೂ ದಶಕಗಟ್ಟಲೆ ಮತ್ತೆ ಮತ್ತೆ ಹೋಗುತ್ತಲೇ ಇದ್ದರು. ಅದಕ್ಕೇ ಅವರಿಗೆ ಮೊದಲು ಏನಿತ್ತು ಅನ್ನೋದು ಗೊತ್ತಿತ್ತು. ನಮ್ಮ ಊರಿಗೆ ಬಂದ ತಂಡಕ್ಕೆ ಅದು ಗೊತ್ತಿರಲಿಲ್ಲ, ಹಗೇವು ಆಗಲೇ ನೀರಡಿ ಹೋಗಿತ್ತು. ನೋಡು, ಮತ್ತೆ ಅಲ್ಲಿಗೇ ಬಂದೆ.

ಸ್ಕಡರ್ ಅಮೆರಿಕದ ಕ್ಯಾಲ್ಟೆಕ್ ವಿಶ್ವವಿದ್ಯಾಲಯದಲ್ಲಿ ಪಾಠವನ್ನೂ ಮಾಡಿದರು, ವಿಶ್ವಬ್ಯಾಂಕಿಗೆ ಸಲಹೆಯನ್ನೂ ಕೊಟ್ಟರು ಅಂತ ತಿಳಿದ ಮೇಲೆ ನನ್ನ ಸಿಟ್ಟು ಸ್ವಲ್ಪ ಇಳಿಯಿತು. ಎರಡೂ ಕಡೆ ಕಾಲಿಟ್ಟು ಬದುಕಿದವರು ಇದ್ದಾರೆ ಅಂತಾಯ್ತು. ಇಷ್ಟಕ್ಕೂ ವರದಿಗೆ ಬಲ ಇಲ್ಲ ಅಂತ ನಾನು ಹೇಳಲಾರೆ. 90ರ ದಶಕದಲ್ಲಿ ನಮ್ಮ ಕೃಷ್ಣಾ ಮೇಲ್ದಂಡೆ ಯೋಜನೆಗೇ ವಿಶ್ವಬ್ಯಾಂಕ್, ಪುನರ್ವಸತಿ ಸರಿಯಾಗುತ್ತಿಲ್ಲ ಅಂತ ಸಾಲದ ಹಣ ತಡೆಹಿಡಿದಿತ್ತು. ಯಾರೋ ಬಂದು ನೋಡಿ ಬರೆದದ್ದಕ್ಕೇ ಅದು ಆಗಿದ್ದು. ನಾವು ಇಲ್ಲೇ ಇದ್ದವರು ಎಷ್ಟು ಕೂಗಿದರೂ ಅಲ್ಲಾಡದ ಫೈಲು ಹಣ ನಿಂತ ಮೇಲೆ ಓಡಾಡಿತು. ಹಾಗಾಗಿ ಹೋಗು. ಹೋಗಬೇಡ ಅನ್ನೋಕೆ ಈ ಪತ್ರ ಬರೆಯುತ್ತಿಲ್ಲ.

ಆದರೆ ಕೆಲವು ಮಾತು ಕೇಳು. ಯೋಜನೆ ಅಳೆಯೋಕೆ ನೀವು ಬಳಸುವ ಆ ಒಇಸಿಡಿ ಮಾನದಂಡಗಳ ಪಟ್ಟಿ ನೋಡಿದೆ. 1991ರಲ್ಲಿ ಐದು ಇದ್ದವು, 2019ರಲ್ಲಿ ಇನ್ನೊಂದು ಸೇರಿಸಿ ಆರು ಮಾಡಿದ್ದಾರೆ. ಯೋಜನೆ ಬೇಕಿತ್ತಾ, ಬೇರೆ ಯೋಜನೆಗಳ ಜೊತೆ ಹೊಂದುತ್ತಾ, ಅಂದುಕೊಂಡದ್ದು ಆಯಿತಾ, ದುಡ್ಡು ಸಮಯ ಸರಿಯಾಗಿ ಬಳಕೆಯಾಯಿತಾ, ಏನು ಬದಲಾಯಿತು, ಎಷ್ಟು ದಿನ ಉಳಿಯುತ್ತೆ. ಒಳ್ಳೆಯ ಪ್ರಶ್ನೆಗಳೇ. ಆದರೆ ಆ ಅಜ್ಜಿಯ ಮುಂದೆ ಕೂತು ಈ ಆರೂ ಕೇಳಿದರೂ ಹಗೇವು ಹೊರಬರುತ್ತಿತ್ತಾ? 'ಏನು ಬದಲಾಯಿತು' ಅಂತ ಕೇಳಿ ಸುಮ್ಮನೆ ಕಾದಿದ್ದರೆ ಬರುತ್ತಿತ್ತು. ಹಾಗಾಗಿ ಹಾಳೆ ಮಡಚಿದ ಮೇಲೂ ಸ್ವಲ್ಪ ಹೊತ್ತು ಕೂರು. ಊರಿನ ಮುಖಂಡನ ಮನೆಯಿಂದ ಶುರು ಮಾಡಬೇಡ. ಹೆಂಗಸರನ್ನ ಗಂಡಸರ ಮುಂದೆ ಕೇಳಬೇಡ. ಯಾವುದು ಇಡೀ ಓಣಿಯದ್ದು ಅಂತ ಕೇಳು. ಕರಡು ವರದಿಗೆ ದುಡ್ಡು ಕೊಟ್ಟವರ ಟಿಪ್ಪಣಿ ಬರುತ್ತೆ ಅಂದಿದ್ದೆಯಲ್ಲ, ತಪ್ಪು ಅಂಕಿ ತೋರಿಸಿದರೆ ತಿದ್ದು, ಕಣ್ಣಿಗೆ ಕಂಡದ್ದನ್ನ ತೆಗೆ ಅಂದರೆ ತೆಗೆಯಬೇಡ. 'ಸುಧಾರಣೆಗೆ ಅವಕಾಶವಿದೆ' ಅಂತ ಬರೆದು ಕೈ ತೊಳೆದುಕೊಳ್ಳಬೇಡ. ಮುಖ್ಯ ವರದಿಯಲ್ಲಿ ಜಾಗ ಇಲ್ಲ ಅಂದರೆ ಅನುಬಂಧದಲ್ಲಾದರೂ ಇರಲಿ. ಉಪನ್ಯಾಸ ಆಯಿತು ಅಂತ ಗೊತ್ತು. ಸಣ್ಣದಿದ್ದಾಗಿನಿಂದ ನೀನು ಇದನ್ನೇ ಅನ್ನುತ್ತೀಯ. ಆದರೂ ಬರೆದದ್ದನ್ನ ಹೊಡೆದುಹಾಕಲ್ಲ.

ಇಲ್ಲಿ ಆಲಮಟ್ಟಿಯ ನೀರಿನ ಮಟ್ಟವನ್ನ (ಸಮುದ್ರಮಟ್ಟದಿಂದ) 519.60 ಮೀಟರಿನಿಂದ 524.256ಕ್ಕೆ ಎತ್ತರಿಸುವ ಮಾತು ಮುಗಿದಿಲ್ಲ. ಎತ್ತರಿಸಿದರೆ ಮತ್ತೆ ಊರು ಹೋಗುತ್ತವೆ, ಮತ್ತೆ ಟೇಪು ಹಿಡಿದು ಯಾರೋ ಬರುತ್ತಾರೆ. ನೀನು ಅಲ್ಲಿ ಕಲಿತದ್ದು ಇಲ್ಲಿಗೂ ಬೇಕಾಗುತ್ತೆ. ವಾಪಸ್ ಬಾ ಅಂತ ಒತ್ತಾಯ ಅಲ್ಲ, ಗೊತ್ತಿರಲಿ ಅಂತ.

ಹೊರಡುವ ಮುಂಚೆ ನಿನ್ನ ಪ್ರಶ್ನಾವಳಿಯನ್ನ ವಾಟ್ಸಾಪ್ ಮಾಡು, ಕೂತು ಓದುತ್ತೇನೆ. ಮಲೇರಿಯಾ ಮಾತ್ರೆ ಯಾವಾಗಿನಿಂದ ಶುರು ಮಾಡಬೇಕು ಅಂತ ಡಾಕ್ಟರನ್ನ ಈಗಲೇ ಕೇಳು. ಅವ್ವ ಕಟಕ ರೊಟ್ಟಿ, ಗುರೆಳ್ಳು ಹಿಂಡಿ ಮಾಡಿ ಡಬ್ಬಿ ತುಂಬಿದ್ದಾಳೆ. ಬಸವ ಎಕ್ಸ್‌ಪ್ರೆಸ್‌ಗೆ ನಮ್ಮಿಬ್ಬರ ಟಿಕೆಟ್ ತೆಗೆಸಿದ್ದೇನೆ. ಏರ್‌ಪೋರ್ಟಿಗೆ ನಾವೂ ಬರುತ್ತೇವೆ, ಬೇಡ ಅನ್ನಬೇಡ.

ನಿನ್ನ
ಅಪ್ಪ