ಬೋರ್‌ವೆಲ್ ಲಾರಿಯ ಅಣ್ಣನಿಗೆ

ನಾನಿರುವ ದ್ವೀಪದ ಪುಟ್ಟ ರೇಡಿಯೊದಲ್ಲಿ ವಾರಕ್ಕೊಮ್ಮೆ ಶಾಸ್ತ್ರೀಯ ಸಂಗೀತದ ಕಾರ್ಯಕ್ರಮ ನಡೆಸಿಕೊಡುತ್ತೇನೆ. ಅದಕ್ಕೆಂದೇ ಕೋಲಾರಕ್ಕೆ ಬಂದು, ಅಂತರಗಂಗೆ ಬೆಟ್ಟದ ಕಡೆಯಿರುವ ನಮ್ಮ ಗುರುಗಳ ಹಾಡಿಕೆ ರೆಕಾರ್ಡ್ ಮಾಡಲು ಕೂತರೆ, ಪಕ್ಕದ ಸೈಟಿನಲ್ಲಿ ಬೋರ್ ಕೊರೆಯುವ ಸದ್ದು! ಕಂಪ್ರೆಸರ್ ಮುಂದೆ ತಂಬೂರಿ ಎಲ್ಲಿ ಕೇಳಬೇಕು? ನಮ್ಮ ಕಡೆ ಸಾವಿರ ಅಡಿ ದಾಟಿದರೂ ನೀರಿನ ಖಾತ್ರಿಯಿಲ್ಲ. ನಿಲ್ಲಿಸಿ ಎನ್ನಲು ಬಾಯಿ ಬರಲಿಲ್ಲ. ನೀವೇ ಕಾಂಪೌಂಡ್ ಹತ್ತಿರ ಬಂದು, "ಅಜ್ಜಿ ಹಾಡ್ತಾವ್ರಾ? ಊಟಕ್ಕೆ ಈಗಲೇ ಬಿಡ್ತೀವಿ, ಮುಗಿಸ್ಕೊಳ್ಳಿ" ಅಂದಿರಿ. ಆಗಿನ್ನೂ ಹನ್ನೊಂದು ಗಂಟೆ!

ಗುರುಗಳು ಹಾಡಿದ್ದು ರಿಷಭ, ಧೈವತ ಸ್ವರಗಳಿಲ್ಲದ ಅಮೃತವರ್ಷಿಣಿ, ಮಳೆ ತರಿಸುತ್ತದೆ ಎಂದು ನಂಬುವ ರಾಗ. ಅವರು ಪ್ರತಿಮಧ್ಯಮವೆಂಬ ಏರಿದ 'ಮ' ಸ್ವರದ ಮೇಲೆ ನಿಂತಷ್ಟು ಹೊತ್ತೂ ನಿಮ್ಮ ಹುಡುಗರು ಗೋಡೆಗೊರಗಿ ಕೇಳಿದರು. (ಮಳೆ ಬರಲಿಲ್ಲ, ಬಿಡಿ.) ಸಂಜೆ ಹೆಸರು ಕೇಳೋಣವೆಂದರೆ ಲಾರಿಯೇ ಇರಲಿಲ್ಲ. ಕಛೇರಿ ದ್ವೀಪದಲ್ಲಿ ಪ್ರಸಾರವಾಯಿತು. ತುಂಬಾ ಥ್ಯಾಂಕ್ಸ್ ಅಣ್ಣಾ. ನೀರು ಬಿತ್ತಾ?