ಮನಾಂಗ್‌ನ ಆ ಒಂದು ದಿನ ‘ವೇಸ್ಟ್’ ಅಲ್ಲ

ಸಂಪಾದಕರಿಗೆ ನಮಸ್ಕಾರ.

ಕಳೆದ ಭಾನುವಾರದ ನಿಮ್ಮ ಪ್ರವಾಸ ಪುಟದಲ್ಲಿ ನೇಪಾಳದ ಅನ್ನಪೂರ್ಣ ಸರ್ಕ್ಯೂಟ್ ಚಾರಣದ ಬಗ್ಗೆ ಬರಹ ಬಂದಿತ್ತು. ಫೋಟೊಗಳು ಚೆನ್ನಾಗಿದ್ದವು. ಆದರೆ ಕೊನೆಗೆ ಕೊಟ್ಟ ದಿನವಾರು ಪಟ್ಟಿ ನೋಡಿ ಸುಮ್ಮನಿರಲು ಆಗಲಿಲ್ಲ. ಬೇಸಿಸಹರ್‌ನಿಂದ ಜೀಪ್ ಹತ್ತಿ ಸೀದಾ ಮನಾಂಗ್. ಮರುದಿನ ಬೆಳಿಗ್ಗೆಯೇ ನಡಿಗೆ ಶುರು. ‘ಸಮಯವಿದ್ದರೆ ಮನಾಂಗ್‌ನಲ್ಲಿ ಒಂದು ದಿನ ವಿಶ್ರಾಂತಿ ಪಡೆಯಬಹುದು’ ಅಂತ ನಡುವೆ ಒಂದು ಸಾಲು. ಆ ‘ಸಮಯವಿದ್ದರೆ’ ಬಗ್ಗೆಯೇ ಈ ಪತ್ರ.

ನಾನು ನರ್ಸ್ ಆಗಿದ್ದು ನಿವೃತ್ತಳಾದವಳು. ತಂಗಿಯ ಮಗಳ ಜೊತೆ ಈ ದಾರಿ ನಡೆದಿದ್ದೇನೆ. ಹಾಗಾಗಿ ಮೊದಲು ದೇಹದ ಮಾತು ಹೇಳಿಬಿಡುತ್ತೇನೆ.

ಬೇಸಿಸಹರ್ ಇರುವುದು ಸುಮಾರು 760 ಮೀಟರ್ ಎತ್ತರದಲ್ಲಿ. ಮನಾಂಗ್ ಸುಮಾರು 3,500 ಮೀಟರ್. ಜೀಪಿಗೆ ಇದು ಒಂದೆರಡು ದಿನದ ಕೆಲಸ. ನಮ್ಮ ರಕ್ತಕ್ಕೆ ಹಾಗಲ್ಲ. 3,000 ಮೀಟರ್ ದಾಟಿದ ಮೇಲೆ ಇವತ್ತು ಮಲಗುವ ಜಾಗ ನಿನ್ನೆಯದಕ್ಕಿಂತ 500 ಮೀಟರಿಗಿಂತ ಜಾಸ್ತಿ ಮೇಲೆ ಇರಬಾರದು, ಮೂರು ನಾಲ್ಕು ದಿನಕ್ಕೊಮ್ಮೆ ಒಂದೇ ಕಡೆ ಎರಡು ರಾತ್ರಿ ಉಳಿಯಬೇಕು ಎನ್ನುವುದು ವೈದ್ಯರು ಒಪ್ಪಿಕೊಂಡ ಲೆಕ್ಕ. ಹಗಲು ಎಷ್ಟು ಎತ್ತರಕ್ಕೆ ಹೋಗಿ ಬಂದಿರಿ ಅನ್ನುವುದಕ್ಕಿಂತ ರಾತ್ರಿ ಎಲ್ಲಿ ಮಲಗಿದಿರಿ ಅನ್ನುವುದೇ ಇಲ್ಲಿ ಮುಖ್ಯ. ಮನಾಂಗ್‌ನ ಮುಂದೆ ಯಾಕ್ ಖರ್ಕ, ಥೊರಾಂಗ್ ಫೇದಿ, ಆಮೇಲೆ ಬೆಟ್ಟಸಾಲು ದಾಟಿಸುವ, 5,416 ಮೀಟರ್ ಎತ್ತರದ ಥೊರಾಂಗ್ ಲಾ ಕಣಿವೆದಾರಿ. ತಲೆನೋವು, ವಾಕರಿಕೆ, ಊಟ ಸೇರದಿರುವುದು, ಇವು ಮೊದಲ ಎಚ್ಚರಿಕೆ. ಅದನ್ನು ಲೆಕ್ಕಿಸದೆ ಮೇಲೆ ಹತ್ತುತ್ತಾ ಹೋದರೆ ಶ್ವಾಸಕೋಶದಲ್ಲಿ, ಮೆದುಳಿನಲ್ಲಿ ನೀರು ತುಂಬಿಕೊಳ್ಳಬಹುದು. ಆಗ ಕೆಳಗೆ ಇಳಿಸುವುದೇ ದೊಡ್ಡ ಔಷಧಿ. ಎತ್ತರದ ಕಾಯಿಲೆಗೆ ಮಾತ್ರೆ ತಗೊಂಡಿದ್ದೀನಲ್ಲ ಅಂತ ಧೈರ್ಯ ಮಾಡಿ ದಿನ ಕತ್ತರಿಸುವವರನ್ನು ಕಂಡರೆ ನನಗೆ ಸಿಟ್ಟೇ ಬರುತ್ತದೆ.

1973ರಲ್ಲಿ ಶುರುವಾದ ಹಿಮಾಲಯನ್ ರೆಸ್ಕ್ಯೂ ಅಸೋಸಿಯೇಷನ್ ಚಾರಣದ ಸೀಸನ್‌ನಲ್ಲಿ ಮನಾಂಗ್‌ನಲ್ಲಿ ಒಂದು ಪುಟ್ಟ ಚಿಕಿತ್ಸಾ ಕೇಂದ್ರ ನಡೆಸುತ್ತದೆ. ಮಧ್ಯಾಹ್ನದ ಹೊತ್ತು ಅಲ್ಲಿನ ವೈದ್ಯರು ಎತ್ತರದ ಕಾಯಿಲೆ ಬಗ್ಗೆ ಮಾತಾಡುತ್ತಾರೆ. ನಾವು ಹೋದಾಗ ಡಾಕ್ಟರು ಎಲ್ಲರನ್ನೂ ಎಬ್ಬಿಸಿ, ಒಂದು ಪಾದದ ಹಿಮ್ಮಡಿಗೆ ಇನ್ನೊಂದರ ಬೆರಳು ತಾಗಿಸುತ್ತಾ ನೇರ ಗೆರೆಯಲ್ಲಿ ನಡೆಸಿದರು. ಯಾರಾದರೂ ಈ ನಡಿಗೆಯಲ್ಲಿ ತೂರಾಡಿದರೆ ಅವರನ್ನು ತಕ್ಷಣ ಇಳಿಸಿ ಎಂದರು. ಈ ಪಾಠ ಸಿಗುವುದು ಅಲ್ಲಿ ನಿಂತವರಿಗೆ ಮಾತ್ರ ಅಲ್ವಾ?

ಇಷ್ಟು ದೇಹದ ಕಥೆ. ನಾನು ಹೇಳಬೇಕೆಂದಿರುವುದು ಇನ್ನೊಂದಿದೆ. ದೇಹಕ್ಕೆ ಬೇಕಾದ ಈ ಬಿಡುವಿನ ದಿನವೇ ಊರು ನೋಡಲು ಸಿಗುವ ದಿನ. ಅದನ್ನು ಕಿತ್ತು ಹಾಕಿದರೆ ‘ಸ್ಥಳೀಯ ಸಂಸ್ಕೃತಿಯ ಅನುಭವ’ ಎಂಬ ನಿಮ್ಮ ಶೀರ್ಷಿಕೆಯಲ್ಲಿ ಉಳಿಯುವುದು ಕಿಟಕಿಯಿಂದ ತೆಗೆದ ಫೋಟೊ ಅಷ್ಟೇ.

ಮನಾಂಗ್‌ನಲ್ಲಿ ನಾವು ಉಳಿದ ಲಾಡ್ಜ್‌ನಲ್ಲಿ ಯಜಮಾನಿಯ ಮಾವ ಒಬ್ಬರಿದ್ದರು. ಊಟದ ಕೋಣೆಯ ನಡುವಿನ ಕಬ್ಬಿಣದ ಒಲೆಯ ಪಕ್ಕ ಕೂತು ಜಪಮಾಲೆ ತಿರುಗಿಸುತ್ತಿದ್ದರು. ಮೊದಲ ಸಂಜೆ ನಮ್ಮ ಕಡೆ ನೋಡಿ ತಲೆ ಆಡಿಸಿದರು, ಅಷ್ಟೇ. ಮರುದಿನ ಮಧ್ಯಾಹ್ನವೂ ನಾವು ಅಲ್ಲೇ ಇರುವುದನ್ನು ನೋಡಿ ಒಳ್ಳೆಯ ಹಿಂದಿಯಲ್ಲಿ ಮಾತು ಶುರು ಮಾಡಿದರು. ಹರೆಯದಲ್ಲಿ ಕೋಲ್ಕತ್ತ, ಬ್ಯಾಂಕಾಕ್, ಸಿಂಗಪುರ ಎಲ್ಲ ತಿರುಗಿ ಹರಳು ಮಾರಿದವರಂತೆ! ಆಮೇಲೆ ಗೊತ್ತಾಯಿತು, ಮನಾಂಗ್‌ನವರು ಹಳೆಯ ಕಾಲದಿಂದ ದೊಡ್ಡ ವ್ಯಾಪಾರಸ್ಥರು. 18ನೇ ಶತಮಾನದ ಕೊನೆಯಲ್ಲೇ ನೇಪಾಳದ ಅರಸರು ಅವರಿಗೆ ವ್ಯಾಪಾರದಲ್ಲಿ ವಿಶೇಷ ರಿಯಾಯಿತಿ ಕೊಟ್ಟಿದ್ದರು. ‘ಮುಗ್ಧ ಗುಡ್ಡಗಾಡಿನ ಜನ’ ಅಂತ ನಿಮ್ಮ ಬರಹದಲ್ಲಿತ್ತು. ನನ್ನ ತಂಗಿಯ ಮಗಳು ಅದನ್ನು ಓದಿ ಬಿದ್ದು ಬಿದ್ದು ನಕ್ಕಳು. ಆ ಅಜ್ಜ ನಾವಿಬ್ಬರೂ ನೋಡಿದ್ದಕ್ಕಿಂತ ಜಾಸ್ತಿ ದೇಶ ನೋಡಿದ್ದಾರೆ.

ಅದೇ ದಿನ ಯಜಮಾನಿ ದಿದಿ ಇನ್ನೊಂದು ವಿಷಯ ಹೇಳಿದರು. ಈ ಭಾಗದಲ್ಲಿ ಯಾರ್ತುಂಗ್ ಎಂಬ ಕುದುರೆ ಹಬ್ಬ ಇದೆ. ಅದು ಮಳೆಗಾಲದ ಹೊತ್ತಿಗೆ ಬರುತ್ತದೆ. ಪ್ರವಾಸಿಗರು ಬರುವುದು ಹೆಚ್ಚಾಗಿ ಅಕ್ಟೋಬರ್, ನವೆಂಬರ್‌ನಲ್ಲಿ. ಹಬ್ಬಕ್ಕೆ ನೀವು ಯಾರೂ ಇರುವುದಿಲ್ಲ ಎಂದು ನಕ್ಕರು. ಬೇಸರದಿಂದ ಹೇಳಿದರೋ ನೆಮ್ಮದಿಯಿಂದ ಹೇಳಿದರೋ ನನಗೆ ತಿಳಿಯಲಿಲ್ಲ.

ಇನ್ನು ದಾರಿಯ ವಿಷಯ. ರಸ್ತೆ ಮನಾಂಗ್‌ವರೆಗೆ ಬಂದಿದ್ದರಿಂದ ಚಾರಣವೇ ಮುಗಿಯಿತು ಅಂತ ಕೆಲವರು ಗೊಣಗುತ್ತಾರೆ. ಅಲ್ಲಿನ ಬಾಣಂತಿಯರಿಗೂ ಕಾಯಿಲೆಯವರಿಗೂ ಆ ರಸ್ತೆ ಎಷ್ಟು ದೊಡ್ಡದು ಎಂದು ನರ್ಸ್ ಆದ ನಾನು ಬಿಡಿಸಿ ಹೇಳಬೇಕಾಗಿಲ್ಲ. ರಸ್ತೆಯ ಧೂಳು ಬೇಡ ಅನ್ನುವವರಿಗೆ ಬೇರೆ ಕಾಲುದಾರಿಗಳಿವೆ. ಬಂಡೆಗಳ ಮೇಲೆ ಕೆಂಪು ಬಿಳಿ ಪಟ್ಟಿ ಬಳಿದು ಗುರುತು ಹಾಕಿದ್ದಾರೆ. ಮೇಲಿನ ಪಿಸಾಂಗ್‌ನಿಂದ ಘ್ಯಾರು, ನಾವಲ್ ಊರುಗಳ ಮೂಲಕ ಹೋಗುವ ದಾರಿ ಏರು ಜಾಸ್ತಿ, ನಿಜ. ಆದರೆ ಎತ್ತರಕ್ಕೆ ಒಗ್ಗಿಕೊಳ್ಳಲು ಅದೇ ಒಳ್ಳೆಯದು. ಕಲ್ಲಿನ ಮನೆಗಳು, ಮಟ್ಟಸ ಮಾಡು, ಮಾಡಿನ ಮೇಲೆ ಒಪ್ಪವಾಗಿ ಪೇರಿಸಿದ ಸೌದೆ. ಎದುರಿಗೆ ಅನ್ನಪೂರ್ಣ-2 ಶಿಖರ. ಊರಿನ ಬಾಯಲ್ಲಿ ಮಂತ್ರ ಕೆತ್ತಿದ ಕಲ್ಲುಗಳ ಮಣಿ ಗೋಡೆ ಇರುತ್ತದೆ. ಅದನ್ನು ಬಲಗೈಗೆ ಬಿಟ್ಟುಕೊಂಡು ನಡೆಯಬೇಕು. ಪ್ರಾರ್ಥನಾ ಚಕ್ರಗಳನ್ನೂ ಪ್ರದಕ್ಷಿಣೆಯ ಕಡೆಗೇ ತಿರುಗಿಸಬೇಕು. ಘ್ಯಾರುವಿನಲ್ಲಿ ಬೆನ್ನ ತುಂಬ ಹುಲ್ಲು ಹೊತ್ತ ಹೆಂಗಸೊಬ್ಬರು, ನಮಗೆ ಹತ್ತಿರವಾಗುತ್ತಿದ್ದ ಕಿರುದಾರಿ ಬಿಟ್ಟು, ಅಷ್ಟು ಭಾರದಲ್ಲೂ ಗೋಡೆ ಸುತ್ತಿಕೊಂಡೇ ಹೋದರು. ನಾವೂ ಅವರ ಹಿಂದೆ ಹೋದೆವು.

ದುಡ್ಡಿನ ಬಗ್ಗೆಯೂ ನಿಮ್ಮ ಬರಹಗಾರರು ಒಂದೆರಡು ಮಾತು ಹೇಳಬಹುದಿತ್ತು. ಲಾಡ್ಜ್‌ಗಳಲ್ಲಿ ಕೋಣೆ ಬಾಡಿಗೆ ಕಡಿಮೆ, ಏಕೆಂದರೆ ಅವರ ಗಳಿಕೆ ಇರುವುದು ಊಟದಲ್ಲಿ. ಕೋಣೆ ಒಂದು ಕಡೆ, ಊಟ ಇನ್ನೊಂದು ಕಡೆ ಮಾಡುವುದು ಅಲ್ಲಿ ಸಲ್ಲದ ನಡೆ. ಐದು ಜನ ಐದು ಬಗೆ ಆರ್ಡರ್ ಮಾಡಿದರೆ ಒಲೆ ಅಷ್ಟು ಹೊತ್ತು ಉರಿಯಬೇಕು. ಎಲ್ಲರೂ ದಾಲ್ ಭಾತ್ ಅಂದರೆ ಅವರಿಗೂ ಸುಲಭ, ನಮಗೂ ಕೇಳಿದಷ್ಟು ಬಡಿಸುತ್ತಾರೆ. ಪ್ಲಾಸ್ಟಿಕ್ ಬಾಟಲಿ ನೀರು ಕೊಳ್ಳುವ ಬದಲು ದಾರಿಯಲ್ಲಿರುವ ಶುದ್ಧ ನೀರಿನ ಕೇಂದ್ರಗಳಲ್ಲಿ ನಮ್ಮ ಬಾಟಲಿ ತುಂಬಿಸಿಕೊಳ್ಳಬಹುದು. ಅವನ್ನು ನಡೆಸುವುದು ಊರಿನ ಹೆಂಗಸರ ಗುಂಪುಗಳು. ಪ್ರವೇಶಕ್ಕೆ ಕೊಡುವ ಶುಲ್ಕ 1986ರಲ್ಲಿ ಶುರುವಾದ ಅನ್ನಪೂರ್ಣ ಸಂರಕ್ಷಣಾ ಯೋಜನೆಗೆ ಹೋಗುತ್ತದೆ. ಕಾಲುದಾರಿಯಂಥ ಊರ ಕೆಲಸಗಳಿಗೂ ಅದೇ ಹಣ ಬಳಕೆಯಾಗುತ್ತದೆ. ಜೀಪಿನಲ್ಲಿ ಹಾದುಹೋದರೆ ಕೆಳಗಿನ ಊರುಗಳ ಲಾಡ್ಜ್‌ಗಳಿಗೆ ಒಂದು ಟೀ ವ್ಯಾಪಾರವೂ ಇಲ್ಲ.

ಹೊರೆ ಹೊರುವವರ ಬಗ್ಗೆ ಬರಹದಲ್ಲಿ ಒಂದು ಸಾಲೂ ಇರಲಿಲ್ಲ. ಹಣೆಗೆ ನಾಮ್ಲೋ ಪಟ್ಟಿ ಕಟ್ಟಿ ನಮ್ಮ ಚೀಲ ಹೊರುವ ಹುಡುಗನಿಗೂ ಎತ್ತರ ನಾಟುತ್ತದೆ. ಎಷ್ಟೋ ಪೋರ್ಟರ್‌ಗಳು ಕೆಳಗಿನ ಬೆಚ್ಚನೆಯ ಊರುಗಳವರು. ನಾವು ದಿನ ಕಡಿಮೆ ಮಾಡಿದರೆ ಅವರ ಬಿಡುವೂ ಕಡಿಮೆಯಾಗುತ್ತದೆ, ಕೂಲಿಯೂ ಕಡಿಮೆಯಾಗುತ್ತದೆ. ಹೊರಡುವ ಮೊದಲು ಕಂಪನಿಯವರನ್ನು ಹೊರೆ ಎಷ್ಟು ಕಿಲೊ, ಇವರಿಗೆ ವಿಮೆ ಇದೆಯಾ, ಬೆಚ್ಚನೆ ಜಾಕೆಟ್ ಕೊಟ್ಟಿದ್ದೀರಾ ಅಂತ ಕೇಳಲು ನಾಚಿಕೆ ಬೇಡ. ನಾನು ಕೇಳಿದಾಗ ಒಂದು ಕಂಪನಿಯವರು ಫೋನ್ ಇಟ್ಟೇಬಿಟ್ಟರು. ಇನ್ನೊಬ್ಬರು ಉತ್ತರ ಕೊಟ್ಟರು. ಅವರ ಜೊತೆ ಹೋದೆವು.

2014ರ ಅಕ್ಟೋಬರ್‌ನಲ್ಲಿ ಹುದ್‌ಹುದ್ ಚಂಡಮಾರುತದ ಪ್ರಭಾವದಿಂದ ಥೊರಾಂಗ್ ಲಾ ಸುತ್ತಮುತ್ತ ಹಿಮಬಿರುಗಾಳಿ ಎದ್ದು 40ಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ ಚಾರಣಿಗರಿದ್ದರು, ಗೈಡ್‌ಗಳು, ಪೋರ್ಟರ್‌ಗಳೂ ಇದ್ದರು. ಪಟ್ಟಿಯಲ್ಲಿ ಒಂದು ದಿನವೂ ಸಡಿಲ ಇಲ್ಲದವರು ಆಕಾಶ ಕೆಟ್ಟಾಗ ಕೂತು ಕಾಯುವುದು ಹೇಗೆ? ವಿಮಾನದ ಟಿಕೆಟ್ ನೆನಪಾಗಿ ಹೊರಟುಬಿಡುತ್ತಾರೆ.

ಎಲ್ಲರಿಗೂ ರಜೆ ಸಿಗುವುದಿಲ್ಲ, ನಿಜ. ಹಾಗಿದ್ದರೆ ಕಣಿವೆದಾರಿ ಬಿಟ್ಟುಬಿಡಿ. ಪಿಸಾಂಗ್, ಘ್ಯಾರು, ಮನಾಂಗ್‌ವರೆಗೆ ನಿಧಾನಕ್ಕೆ ನಡೆದು ವಾಪಸ್ ಬನ್ನಿ. ಕಣಿವೆದಾರಿಯ ಆಚೆಗಿರುವ ಮುಕ್ತಿನಾಥ ನೋಡಲೇಬೇಕು ಅನ್ನುವವರು ಆ ಕಡೆಯಿಂದ ಜೋಮ್ಸೋಮ್ ಊರಿನ ಮೂಲಕ ಬೇರೆ ಸಲ ಹೋಗಬಹುದು. 108 ನೀರಿನ ಧಾರೆಗಳೂ, ಹಿಂದೂಗಳು ಬೌದ್ಧರು ಒಟ್ಟಿಗೆ ಕೈಮುಗಿಯುವ ಆ ಗುಡಿಯೂ ಎಲ್ಲೂ ಓಡಿಹೋಗುವುದಿಲ್ಲ.

ನಿಮ್ಮಲ್ಲಿ ನನ್ನ ಕೋರಿಕೆ ಇಷ್ಟೇ. ಇನ್ನು ಮುಂದೆ ಎತ್ತರದ ಚಾರಣದ ಪಟ್ಟಿ ಅಚ್ಚು ಹಾಕುವಾಗ ಪ್ರತಿ ದಿನದ ಮುಂದೆ ಆ ರಾತ್ರಿ ಮಲಗುವ ಊರಿನ ಹೆಸರು, ಅದರ ಎತ್ತರ ಬರೆಯಿರಿ. 500 ಮೀಟರಿಗಿಂತ ದೊಡ್ಡ ನೆಗೆತ ಇದ್ದರೆ ಓದುಗರಿಗೇ ಕಾಣುತ್ತದೆ. ‘ಸಮಯವಿದ್ದರೆ’ ಎಂಬ ಸಾಲನ್ನು ಮಾತ್ರ ದಯವಿಟ್ಟು ತೆಗೆದುಹಾಕಿ.

ಇತಿ,
ನಿಮ್ಮ ಹಳೆಯ ಓದುಗಿ, ಒಬ್ಬ ನಿವೃತ್ತ ನರ್ಸ್